ನಡೆದಷ್ಟೂ ಏರುತ್ತಿದ್ದ ಸಕ್ಕರೆ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಡೆದದ್ದು ಇದು. ನಾನು ಹಳ್ಳಿಮೈಸೂರಿನ ಹತ್ತಿರದ ಊರಿನವಳು, ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಮೊಮ್ಮಕ್ಕಳು ಯಾವಾಗಲಾದರೂ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಯಜಮಾನರು ಹೋದ ಮೇಲೆ ನನಗೆ ಸಕ್ಕರೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಎದ್ದು ನಡೆಯಬೇಕು, ಬಂದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಸೊಸೆ ಮಂಜುಳ ಬೆರಳಿಗೆ ಸೂಜಿ ಚುಚ್ಚಿ ಮಿಷನ್ನಿನಲ್ಲಿ ನೋಡಬೇಕು. ಇದು ಹಾಸನದ ಡಾಕ್ಟರು ಹೇಳಿದ ಕ್ರಮ. ಎಷ್ಟೋ ದಿನ ಸಕ್ಕರೆ ಸರಿಯಾಗಿಯೇ ಇರುತ್ತಿತ್ತು. ಕೆಲವು ದಿನ ಮಾತ್ರ ಇದ್ದಕ್ಕಿದ್ದಂತೆ ಏರಿರುತ್ತಿತ್ತು. ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ಆಮೇಲೆ ನನಗೆ ಹೊತ್ತಲ್ಲದ ಹೊತ್ತಿನಲ್ಲಿ ಬೆವರು, ಕೈ ನಡುಕ. ಒಂದು ದಿನ ಬಚ್ಚಲಿನಲ್ಲಿ ಕಣ್ಣು ಕತ್ತಲಿಟ್ಟು ಕುಸಿದುಬಿಟ್ಟೆ. ಇನ್ನೂ ಏರಿದರೆ ಇನ್ಸುಲಿನ್ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮನೆಯವರ ಕಣ್ಣೆಲ್ಲ ನನ್ನ ಬಾಯಿಯ ಮೇಲೆ ಬಿತ್ತು. "ನಿಮ್ಮ್ ಮೇಲೆ ನಂಗೇನೂ ಅನುಮಾನ ಇಲ್ಲ ಅತ್ತೆ, ಬೆಲ್ಲದ ಡಬ್ಬ ಮಾತ್ರ ನನ್ ರೂಮಲ್ಲಿರ್ಲಿ," ಎಂದು ಮಂಜುಳ ಡಬ್ಬ ಎತ್ತಿಕೊಂಡು ಹೋದಳು. ನಾನು ಏನನ್ನೂ ಕದ್ದು ತಿಂದಿರಲಿಲ್ಲ. ಹಾಗಾಗಿ ನನಗೂ ಅವಳ ಮೇಲೆ ಅನುಮಾನ ಬಂತು. ಮಿಷನ್ನು ಕೆಟ್ಟಿದೆಯೋ, ಇಲ್ಲ ಇವಳೇ ಏನೋ ಒಂದು ಅಂಕಿ ಹೇಳುತ್ತಿದ್ದಾಳೋ ಎಂದು ಅವಳ ಕೈಯನ್ನೇ ನೋಡುತ್ತಿದ್ದೆ.

ಮಗನ ಮಗಳು ಸಿಂಚನ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮನೆಯಿಂದ ಎರಡು ತರಹದ ಅಂಕಿ ಬರೆದುಕೊಂಡು ಬಂದು, ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ತೋರಿಸಿ ಎಂದು ಅವಳ ಮೇಷ್ಟ್ರು ಹೇಳಿದ್ದರಂತೆ. ನಾನು ನಡೆದದ್ದು ಒಂದು, ನನ್ನ ಸಕ್ಕರೆ ಇನ್ನೊಂದು ಎಂದು ಅವಳು ತೀರ್ಮಾನ ಮಾಡಿದಳು. ನಡೆದ ದೂರ ತಿಳಿಯಲು ತನ್ನ ಹಳೇ ಫೋನನ್ನು ನನ್ನ ಎಲೆಅಡಿಕೆ ಚೀಲದಲ್ಲಿಟ್ಟಳು. ಅದು ನಾನು ಹೋದ ಜಾಗವನ್ನೂ ಹೇಳಿಬಿಡುತ್ತದೇನೋ ಎಂದು ನನಗೆ ಒಳಗೊಳಗೇ ಭಯ.

ಭಯಕ್ಕೆ ಕಾರಣವಿತ್ತು. ಊರಾಚೆ ತೋಟದಲ್ಲಿ ನನ್ನ ಭಾವನ, ಎಂದರೆ ಯಜಮಾನರ ಅಣ್ಣನ ಮನೆ ಇದೆ. ತೋಟದ ದಾರಿಯ ಜಗಳವಾದ ಮೇಲೆ ಅವರ ಹೊಸಿಲು ತುಳಿಯಬಾರದು ಎಂದು ಮಗ ಕಟ್ಟಪ್ಪಣೆ ಮಾಡಿದ್ದ. ಆದರೆ ಭಾವನ ಹೆಂಡತಿ, ನಾನು ಅಕ್ಕ ಎಂದೇ ಕರೆಯುವವಳು, ಲಕ್ವ ಹೊಡೆದು ಮಲಗಿದ್ದಳು. ಮದುವೆಯಾಗಿ ಬಂದಾಗ ನನಗೆ ಒಲೆ ಹಚ್ಚುವುದರಿಂದ ಹಿಡಿದು ಎಲ್ಲ ಕಲಿಸಿದವಳು ಅವಳು. ಮಗ ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರುಕಟ್ಟೆಗೆ ಬೆಳಿಗ್ಗೆಯೇ ಹೊರಟ ದಿನ ನಾನು ಅಷ್ಟು ದೂರ ನಡೆದು ಹೋಗುತ್ತಿದ್ದೆ. ಭಾವ ಡೇರಿಗೆ ಹಾಲು ಹಾಕಿ ಬರುವುದರೊಳಗೆ ಸಪೋಟವನ್ನೋ ಬಾಳೆಹಣ್ಣನ್ನೋ ಹಿಸುಕಿ ಅವಳಿಗೆ ತಿನ್ನಿಸಿ ಬರುತ್ತಿದ್ದೆ. ಉಳಿದ ದಿನ ಹತ್ತಿರದ ನಾಲೆಯ ಮೋರಿವರೆಗೆ ಹೋಗಿ ವಾಪಸ್ಸು.

ಒಂದು ಭಾನುವಾರ ಸಿಂಚನ ದಿನಕ್ಕೊಂದು ಚುಕ್ಕಿ ಇಟ್ಟು, ಬಲಕ್ಕೆ ಹೋದಷ್ಟೂ ನಡಿಗೆ ಜಾಸ್ತಿ, ಮೇಲೆ ಹೋದಷ್ಟೂ ಸಕ್ಕರೆ ಜಾಸ್ತಿ ಎಂದು ಹೇಳಿ, ಗೆರೆ ಎಳೆದು ತೋರಿಸಿದಳು. ಎಲ್ಲ ಚುಕ್ಕಿಗಳಿಗೂ ಆದಷ್ಟು ಹತ್ತಿರ ಹಾಯುವ ಆ ಗೆರೆಗೆ ರಿಗ್ರೆಶನ್ ಗೆರೆ ಎನ್ನುತ್ತಾರಂತೆ. ನಡೆದಷ್ಟೂ ಸಕ್ಕರೆ ಇಳಿಯಬೇಕು, ಅಂದರೆ ಗೆರೆ ಕೆಳಗೆ ಬರಬೇಕು. ನನ್ನದು ಮೇಲೆ ಹೋಗಿತ್ತು. ಬಾಗಿದ ಗೆರೆಯನ್ನೂ ಹಾಕಿ ನೋಡಿದಳು, ಅದು ಇನ್ನೂ ಚೆನ್ನಾಗಿ ಕೂತಿತು. ಗೆರೆ ಚೆನ್ನಾಗಿ ಕೂತಷ್ಟೂ ನನ್ನ ಮರ್ಯಾದೆ ಹೋಯಿತು.

"ಓಟ್ಲುಗಂಟ ನಡ್ಕಂಡೋಗಿ ಮೈಸೂರ್‌ಪಾಕು ತಿಂದ್ಕಂಡ್ ಬತ್ತಾಳೆ ಕಣ್ ಮಗಾ ನಿಮ್ಮಜ್ಜಿ. ಅದ್ಕೂ ಗೆರೆ ಬೇಕಾ?" ಎಂದ ಮಗ. ಎಲ್ಲರೂ ನಕ್ಕರು. ನಾನು ಎದ್ದು ಒಳಗೆ ಹೋದೆ.

ಆ ವಾರವೇ ಮಗ, ಸಿಂಚನ, ನಾನು ಹಾಸನದ ಆಸ್ಪತ್ರೆಗೆ ಹೋದೆವು. ಬೆಂಚಿನ ಮೇಲೆ ಕಾಯುವಾಗ ಸಿಂಚನ ಫೋನಿನಲ್ಲಿ ಮತ್ತೆ ಅದೇ ಚಿತ್ರ ನೋಡುತ್ತಿದ್ದಳು. ಗೆರೆ ಎಳೆಯುವ ಮುಂಚೆ ಚುಕ್ಕಿಗಳನ್ನು ನೋಡಬೇಕಿತ್ತು ಎಂದು ಮೇಷ್ಟ್ರು ಬೈದರಂತೆ. ಅವಳು ಗೆರೆಯನ್ನು ಅಳಿಸಿ ಫೋನನ್ನು ನನ್ನ ಹತ್ತಿರ ತಂದಳು. ಚುಕ್ಕಿಗಳು ಎರಡು ಗುಂಪಾಗಿದ್ದವು, ಕಡಿಮೆ ನಡೆದ ದಿನಗಳದ್ದು ಕೆಳಗೊಂದು, ದೂರ ನಡೆದ ದಿನಗಳದ್ದು ಮೇಲೊಂದು. ನಡುವೆ ಒಂದೂ ಇಲ್ಲ. ಒಂದೊಂದು ಗುಂಪನ್ನೇ ಬೇರೆಯಾಗಿ ನೋಡಿದರೆ, ಹೆಚ್ಚು ನಡೆದ ದಿನ ಸಕ್ಕರೆ ಸ್ವಲ್ಪ ಇಳಿದೇ ಇತ್ತು. ಒಂದೇ ಗೆರೆ ಈ ಗುಂಪಿನಿಂದ ಆ ಗುಂಪಿಗೆ ಹತ್ತಿದ್ದಕ್ಕೆ ಏರಿದಂತೆ ಕಂಡಿತ್ತು.

ಅವಳು ದನಿ ತಗ್ಗಿಸಿ, "ಅಜ್ಜಿ, ಮೇಲಿನ್ ಗುಂಪಿನ್ ದಿನ ನೀನು ಬೇರೆ ಎಲ್ಲಿಗೋ ಹೋಗಿದ್ದೀಯ. ಎಲ್ಲಿಗೆ?" ಎಂದಳು. ಪಕ್ಕದಲ್ಲಿ ಮಗ ಕೂತಿದ್ದ. ನಾನು ಎಲೆಅಡಿಕೆ ಚೀಲ ಬಿಚ್ಚಿ ಅಡಿಕೆ ಹುಡುಕತೊಡಗಿದೆ.

ಒಳಗೆ ಡಾಕ್ಟರು ಅಂಕಿಗಳನ್ನು ನೋಡಿ ಇನ್ಸುಲಿನ್ ಬರೆಯಲು ಪೆನ್ನು ತೆಗೆದರು. ಸಿಂಚನ ತಡೆದು ಎರಡು ಗುಂಪನ್ನು ತೋರಿಸಿದಳು. ಅವರು ಪೆನ್ನು ಕೆಳಗಿಟ್ಟು, ಆ ದಿನಗಳಲ್ಲಿ ಎಲ್ಲಿಗೆ ಹೋಗ್ತೀರಮ್ಮ ಎಂದು ಕೇಳಿದರು. ನಾನು ಮಗನ ಮುಖ ನೋಡಿದೆ. ಬಚ್ಚಲಿನಲ್ಲಿ ಕುಸಿದದ್ದು ನೆನಪಾಯಿತು.

"ಅಕ್ಕನ ಮನೆಗೆ. ಹಣ್ಣು ಹಿಸುಕಿ ತಿನ್ನುಸ್ತೀನಿ."

"ನೀವು ತಿನ್ನಲ್ವಾ?"

"ಮಲಗಿರೋಳ ಬಾಯಿಂದ ಕಿತ್ಕಂಡು ತಿನ್ಲಾ ಸಾ?"

ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಕೈ ಹೇಗೆ ತೊಳೆಯುತ್ತೀರಿ ಎಂದರು. ಭಾವ ಬಂದುಬಿಡುತ್ತಾರೆ ಎಂಬ ಆತುರದಲ್ಲಿ ಸೆರಗಿಗೆ ಒರೆಸಿಕೊಂಡು ಬರುತ್ತೇನೆ ಎಂದೆ. ಅವರು ಹೊರಗಿನ ಗಾಡಿಯಿಂದ ಒಂದು ಬಾಳೆಹಣ್ಣು ತರಿಸಿ ನನ್ನಿಂದ ಹಿಸುಕಿಸಿದರು. ಸೆರಗಿಗೆ ಒರೆಸಿದ ಬೆರಳಿನ ರಕ್ತದಲ್ಲಿ ಸಕ್ಕರೆ ಎಲ್ಲಿಗೋ ಏರಿತ್ತು. ಸೋಪಿನಲ್ಲಿ ತೊಳೆದ ಮೇಲೆ ನೋಡಿದರೆ ಸರಿಯಾಗಿತ್ತು. ಬೆರಳಿಗೆ ಅಂಟಿದ ಹಣ್ಣಿನ ರಸಕ್ಕೆ ನಾನು ಇಷ್ಟು ದಿನ ಮಾತ್ರೆ ನುಂಗಿದ್ದೆ. ಡಾಕ್ಟರು ತೋಳಿನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು, ಅದು ಸರಿಯಾಗಿ ಬಂದ ಮೇಲೆ ಮಾತ್ರೆ ಇಳಿಸಿದರು. ಜಾಸ್ತಿ ಮಾತ್ರೆಗೆ ಸಕ್ಕರೆ ತೀರಾ ಇಳಿದು ಬರುತ್ತಿದ್ದ ಬೆವರು, ನಡುಕ ಕ್ರಮೇಣ ನಿಂತವು.

ಆ ದಿನ ವಾಪಸ್ಸು ಬರುವಾಗ ಹೊಳೆನರಸೀಪುರ ದಾಟಿದೆವು. ಮನೆಗೆ ಹೋದ ಮೇಲೆ ದೊಡ್ಡ ಗಲಾಟೆಯೇ ಆಗುತ್ತದೆ ಎಂದು ನಾನು ಸೆರಗನ್ನು ಹಿಂಡುತ್ತಾ ಕೂತಿದ್ದೆ. ಹಳ್ಳಿಮೈಸೂರು ಹತ್ತಿರ ಬಂದಾಗ ಅವನು ರಸ್ತೆಯನ್ನೇ ನೋಡುತ್ತಾ ಕೇಳಿದ.

"ದೊಡ್ಡವ್ವಂಗೆ ಈಗ ಅನ್ನ ಒಳಗೆ ಓಗ್ತದಾ ಅವ್ವ?"

ಇಲ್ಲ, ಹಣ್ಣು, ಗಂಜಿ ಅಷ್ಟೇ ಎಂದೆ. ಅವನು ತಲೆಯಾಡಿಸಿದ. ಭಾವನ ಜೊತೆ ಅವನಿಗೆ ಈಗಲೂ ಮಾತಿಲ್ಲ. ನಾನು ಹೋಗಿಬರುವುದನ್ನು ಮಾತ್ರ ಯಾರೂ ತಡೆಯುವುದಿಲ್ಲ.

ಆ ತಿಂಗಳುಗಳಲ್ಲಿ ಮನೆಯವರೆಲ್ಲ ನಾನು ಏನು ತಿಂದೆ ಎಂದೇ ಕೇಳಿದರು. ನಾನೂ ಮಂಜುಳಳನ್ನು ಸುಮ್ಮನೆ ಅನುಮಾನಿಸಿದೆ. ಸಿಂಚನ ಒಬ್ಬಳು ತಾನೇ ಎಳೆದ ಗೆರೆಯನ್ನು ಅಳಿಸಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಅದನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬಿಕೊಳ್ಳುತ್ತದೆ.