ನನ್ನ ಫ್ಯಾನ್ ನಿಲ್ಲಿಸಿದ್ದು ಯಾರು?

ಸ್ನೇಹಿತರೇ, ಇವತ್ತು ಸಂಜೆ ಆಫೀಸಿನಲ್ಲಿ ನನ್ನ ತಲೆಯ ಮೇಲಿನ ಫ್ಯಾನ್ ಮಾತ್ರ ನಿಂತುಹೋಯಿತು. ರಾಯಪುರಂನ ನಮ್ಮ ಆಫೀಸಿನಲ್ಲಿ ಅದಕ್ಕೊಂದು ಅರ್ಥವಿದೆ. ಡೇಕೇರಿನಿಂದ ಮಕ್ಕಳನ್ನು ಕರೆತರುವ ಹೊತ್ತು ಮೀರಿಯೂ ಯಾರಾದರೂ ಕೂತಿದ್ದರೆ, ಸೂಪರ್‌ವೈಸರ್ ವಸಂತಾ ಮೇಡಂ ಬಂದು ಅವರ ಫ್ಯಾನ್ ನಿಲ್ಲಿಸಿಬಿಡುತ್ತಿದ್ದರು. "ಕೆಳಂಬು ಮಾ, ಹೊರಡಮ್ಮ, ಮಗು ಕಾಯ್ತಿರತ್ತೆ. ಮಿಕ್ಕಿದ್ದು ನಾನ್ ನೋಡ್ಕೋತೀನಿ." ಚೆನ್ನೈ ಸೆಕೆಯಲ್ಲಿ ಫ್ಯಾನಿಲ್ಲದೆ ಯಾರು ಕೂರುತ್ತಾರೆ?

ಮೇಡಂ ತೀರಿಕೊಂಡು ತಿಂಗಳಾಯಿತು.

ಇವತ್ತು ಹೊಸ ಸೂಪರ್‌ವೈಸರ್ ಸಾಹೇಬರು ನನಗೆ, "ಫೈಲ್ ಮುಗಿಸಿ ಹೋಗಿ, ಡೇಕೇರಲ್ಲಿ ಮಗು ಇನ್ನೂ ಸ್ವಲ್ಪ ಹೊತ್ತು ಇರಲಿ" ಎಂದರು. ಅಷ್ಟರಲ್ಲಿ ಟಕ್ ಎಂದಿತು. ಸ್ವಿಚ್ ಇರುವುದು ಮೇಡಂ ಅವರ ಖಾಲಿ ಕುರ್ಚಿಯ ಹಿಂದೆ. ಅಲ್ಲಿ ಯಾರೂ ಇರಲಿಲ್ಲ. ಸಾಹೇಬರೇ ಹೋಗಿ ಸ್ವಿಚ್ ಹಾಕಿದರು. ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಟಕ್.

ಪಕ್ಕದ ಸೀಟಿನ ಸೆಲ್ವಿ, "ಮೇಡಂ ಸೊಲ್ಲಿಟ್ಟಾಂಗ, ಕೆಳಂಬು" ಎಂದು ಪಿಸುಗುಟ್ಟಿದಳು. ಮೇಡಂ ಹೇಳಿಯಾಯಿತು, ಇನ್ನು ಹೊರಡಬೇಕಷ್ಟೇ. ಸಾಹೇಬರೂ "ಹೋಗಿಬನ್ನಿ" ಎಂದು ಹಣೆ ಒರೆಸಿಕೊಂಡರು. ಅವರ ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು.

ನಾಳೆ ಎಲೆಕ್ಟ್ರಿಷಿಯನ್ ಬರುತ್ತಾನಂತೆ. ಅವನಿಗೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಡಂ ಅವನನ್ನೂ ಹೊರಡಿಸಿಬಿಡುತ್ತಾರೆ, ಆಮೇಲೆ ಈ ಫ್ಯಾನ್ ರಿಪೇರಿಯಾದ ಹಾಗೆಯೇ!