ಮೊದಲ ಬಕೆಟ್ ನೀರು

ನನ್ನ ಗಂಡ ತೀರಿಕೊಂಡ ತಿಂಗಳಿಗೇ ಮಗಳು ಕಲ್ಯಾಣದ ನಮ್ಮ ಎಮ್ಮೆ ತಬೇಲಕ್ಕೆ ನೀರು ಕಾಯಿಸುವ ಹೊಸ ಯಂತ್ರ ಹಾಕಿಸಿದಳು. ಹಾಲು ತಂಪು ಮಾಡುವ ಟ್ಯಾಂಕಿನ ಹಿಂದಿನಿಂದ ಸುಮ್ಮನೆ ಗಾಳಿಗೆ ಹೋಗುತ್ತಿದ್ದ ಬಿಸಿಯಲ್ಲೇ ಅದು ನೀರು ಕಾಯಿಸುತ್ತದೆ. ಸೌದೆ ಬೇಡ, ಹೊಗೆಯಿಲ್ಲ. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು.

"ಅಬ್ ತೋ ಆರಾಮ್ ಹೈ ನಾ, ಮಮ್ಮಿ?" ಎಂದಳು. ಅವಳು ಪೇಟೆಯ ಘೋಡಬಂದರ್ ರಸ್ತೆಯ ಫ್ಲ್ಯಾಟಿನವಳು. ನಾನು ಕನ್ನಡದಲ್ಲಿ ಬೈದರೂ ಅವಳ ಉತ್ತರ ಹಿಂದಿಯಲ್ಲಿ. ಆರಾಮವೇನೋ ಹೌದು. ಆದರೆ ಬೆಳಗ್ಗೆ ಮಾತಾಡಲು ಒಂದು ನರಪಿಳ್ಳೆಯಿಲ್ಲ.

ಮೊದಲು ಮೂಲೆಯಲ್ಲಿ ಹಂಡೆಯಿತ್ತು. ಊರಿನ ಬಚ್ಚಲಿನದನ್ನೇ ನನ್ನವರು ಉಡುಪಿಯಿಂದ ರೈಲಿನಲ್ಲಿ ಹೊತ್ತು ತಂದಿದ್ದರು. ಹಾಲು ಕರೆಯುವುದು ನನ್ನ ಕೆಲಸ. ಕರೆಯುವ ಮೆಷಿನಿನ ಪೈಪು, ಕ್ಯಾನು ತೊಳೆಯುವುದು ಅವರದು. ನೀರು ಸರಿಯಾಗಿ ಕಾಯುವ ಮೊದಲೇ ಒಂದು ಬಕೆಟ್ ನೀರು ತೋಡಿ ನನ್ನನ್ನು ಕೂಗುತ್ತಿದ್ದರು.

"ಕೈ ಹಾಕಿ ನೋಡು ಮಾರಾಯ್ತಿ, ಹೇಗುಂಟು?"

"ಉಗುರುಬೆಚ್ಚಗೆ ಉಂಟು. ಕಾಯ್ಲಿಕ್ಕೆ ಬಿಡಿ! ನಿಮಗೆಂತ ಲೋಕಲ್ ರೈಲು ತಪ್ಪುತ್ತದಾ?"

ಅವರು ನಕ್ಕು, ಅದೇ ನೀರನ್ನು ಪೈಪಿಗೆ ಬಿಡುತ್ತಿದ್ದರು. ಸುಡುನೀರು, ತೊಳೆಯುವ ಸೋಡಾ ಎಲ್ಲ ಆಮೇಲೆ. ಆತುರಗೇಡಿ ಮನುಷ್ಯ ಎಂದೇ ನಾನು ತಿಳಿದಿದ್ದೆ.

ಯಂತ್ರ ಬಂದ ಮೇಲೆ ತೊಳೆಯುವುದೂ ನನ್ನ ಪಾಲಿಗೆ ಬಂತು. ಬಿಸಿನೀರಿಗೇನು ಬರ? ಮೊದಲಿನಿಂದಲೇ ಕುದಿಯುವಂಥದ್ದನ್ನು ಬಿಟ್ಟೆ. ಮೂರು ವಾರದಲ್ಲಿ ಹಾಲು ಒಡೆಯತೊಡಗಿತು. ನಮ್ಮ ಹಾಲೆಲ್ಲ ಕೊಳ್ಳುವ ಡೊಂಬಿವಲಿಯ ಹೋಟೆಲಿನವರು ಊರಿನ ಕಡೆಯವರೇ. ಅವರ ಫೋನು ಬಂತು.

"ಅಕ್ಕಾ, ಇವತ್ತೂ ಒಡೆದಿದೆ. ಈ ವಾರ ಸರಿಯಾಗದಿದ್ರೆ ನಾನು ಬೇರೆ ಕಡೆಯಿಂದ ತರಿಸ್ತೇನೆ. ಬೇಜಾರು ಮಾಡ್ಬೇಡಿ."

ಅವರು ಬಿಟ್ಟರೆ ಎಮ್ಮೆಗಳನ್ನು ಮಾರಬೇಕು, ಮಗಳ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಾ ಕೂರಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರ ಹಾಕಿದ ಮರಾಠಿ ಮೆಕ್ಯಾನಿಕ್‌ನನ್ನು ಕರೆಸಿ, ಬಾಯಿಗೆ ಬಂದಂತೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನನ್ನ ಕತೆ.

ಅವನು ಒಂದು ಪೈಪು ಬಿಚ್ಚಿ ಬೆರಳು ಹಾಕಿದ. ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ.

"ಆಜೀ, ಪೆಹಲಾ ಪಾನಿ ಹೀ ಗರಮ್ ಡಾಲತೀ ಹೋ ಕ್ಯಾ?" ಎಂದ. ಮೊದಲೇ ಸುಡುನೀರು ಬಿಟ್ಟರೆ ಉಳಿದ ಹಾಲು ಬೆಂದು ಪೈಪಿಗೆ ಅಂಟಿಕೊಳ್ಳುತ್ತದಂತೆ, ಮರುದಿನದ ಹಾಲನ್ನೂ ಅದೇ ಕೆಡಿಸುತ್ತದಂತೆ. ಮೊದಲ ನೀರು ಉಗುರುಬೆಚ್ಚಗೇ ಇರಬೇಕಂತೆ.

ಆಗ ನನಗೆ ನನ್ನವರ ಕೈ ನೆನಪಾಯಿತು. ಒಲೆಯ ಕೆಂಡವನ್ನು ಬರಿಗೈಯಲ್ಲಿ ಸರಿಸುತ್ತಿದ್ದ ಮನುಷ್ಯ ಅವರು. ವರ್ಷಗಟ್ಟಲೆ ಸೋಡಾ ನೀರಲ್ಲಿ ಅದ್ದಿ ಆ ಅಂಗೈ ಮರಗಟ್ಟಿತ್ತು. ಬೆಚ್ಚಗೆ ಯಾವುದು, ಬಿಸಿ ಯಾವುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ದಿನಾ ನನ್ನನ್ನು ಕೂಗುತ್ತಿದ್ದರು. ನಾನು ಬೈಯುವಾಗ ಹೇಳುತ್ತಿದ್ದ "ಉಗುರುಬೆಚ್ಚಗೆ" ಎಂಬ ಮಾತೇ ಅವರಿಗೆ ಬೇಕಿದ್ದದ್ದು. ಅಯ್ಯೋ ದೇವರೇ, ಒಂದು ಸಲ ಬಾಯಿಬಿಟ್ಟು ಹೇಳಬಾರದಿತ್ತೇ!

ಪೈಪು ಬದಲಾಯಿಸಿದೆವು. ಹಾಲು ಈಗ ಒಡೆಯುವುದಿಲ್ಲ, ಎಮ್ಮೆಗಳು ಉಳಿದವು. ಬೆಳಗ್ಗೆ ನಲ್ಲಿಯ ಬಿಸಿಗೆ ತಣ್ಣೀರು ಬೆರೆಸಿ ಕೈ ಹಾಕುತ್ತೇನೆ. "ಉಗುರುಬೆಚ್ಚಗೆ ಉಂಟು" ಎಂದು ಜೋರಾಗಿಯೇ ಹೇಳುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ. ಯಾರೂ ನಗುವುದಿಲ್ಲ.