ಗಡಿಯಲ್ಲಿ ಮಗುಚಿದ ಗಾಡಿ

ಗೆಳೆಯರೇ, ಇವತ್ತು ಗೆಟ್ಟವಾಡಿ ಆಚೆ, ಸರಿಯಾಗಿ ರಾಜ್ಯದ ಗಡಿಯ ಮೇಲೆಯೇ ಎಲೆಕೋಸು ತುಂಬಿದ ಮೂರು ಚಕ್ರದ ಟೆಂಪೊ ರಸ್ತೆಗಡ್ಡ ಮಗುಚಿತು. ಹಾವು ಕಚ್ಚಿದ ಸಿದ್ದಮ್ಮನಿದ್ದ ಆಂಬುಲೆನ್ಸ್ ಅದರ ಹಿಂದೆ ಸಿಕ್ಕಿಕೊಂಡಿತು. ಎರಡೂ ಕಡೆಯ ಪೊಲೀಸರು ಬಂದರು.

“ಮುಂದ್ಲ ಚಕ್ರ ನಿಮ್ಮ ಕಡೆ ಅದ, ನೀವೇ ಎತ್ತಿಸಿ” ಎಂದರು ಈ ಕಡೆಯ ಪೊಲೀಸರು.

“ಹಿಂದ್ಲವೆರಡೂ ನಿಮ್ಮವಲ್ವಾ ಸಾರ್?” ಎಂದರು ಆ ಕಡೆಯವರು.

ಸಿದ್ದಮ್ಮನ ಗಂಡ ಕೂಗಿದ: “ವಿಸ ಏರ್ತಾ ಅದ ಸಾರ್! ಅದ್ಕ ಗಡಿ ಗೊತ್ತಾ?”

“ಇರಪ್ಪ, ಮಹಜರ್ ಆಗ್ಲಿ. ಯಾರೂ ಗಾಡಿ ಮುಟ್ಟಬೇಡಿ” ಎಂದರು ಪೊಲೀಸರು.

ಪಕ್ಕದ ಹೊಲದಲ್ಲಿ ಉಳುತ್ತಿದ್ದ ಮಾದಪ್ಪ ಜೋಡಿ ಎತ್ತು ಹೊಡೆದುಕೊಂಡು ಬಂದ. “ದಾರಿ ಬುಡ್ರಪ್ಪ, ನಮ್ಮೆತ್ಗಳ್ಗ ಮಹಜರ್ ಓದಕ್ಕ ಬರಲ್ಲ!” ಎಂದವನೇ ಹಗ್ಗ ಬಿಗಿದು, ಟೆಂಪೊ ಎಳೆಸಿ ನಿಲ್ಲಿಸಿದ. ಸಿದ್ದಮ್ಮ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳಂತೆ.

ಸಾಹೇಬರು ಫೋನ್ ಎತ್ತಿದರು, ದನಿ ಎತ್ತಿದರು, ಕೊನೆಗೆ ಕೈಯನ್ನೂ ಎತ್ತಿದರು. ಟೆಂಪೊ ಎತ್ತಿದ್ದು ಮಾತ್ರ ಎತ್ತು.